ಹಿತ್ತಿಲ ದ್ರಾಕ್ಷಿಯೂ ಅದರ ರಸವೂ

ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಸೀಮೆಗಳಲ್ಲಿ ಬಾವಿಯ ಬಳಿಯಲ್ಲಾಗಲಿ ಹಿತ್ತಿಲ ಚಪ್ಪರದ ಮೇಲಾಗಲಿ ಒಂದೆರಡು ದ್ರಾಕ್ಷಿಬಳ್ಳಿಗಳನ್ನು ಹಬ್ಬಿಸಿಕೊಂಡಿರುವ ಗೃಹಸ್ಥರುಂಟು. ಬಳ್ಳಿಯು ಸೊಂಪಾಗಿ ಬೆಳೆದು ನೆರಳನ್ನೇನೋ ಕೊಡುತ್ತದೆ; ಹಣ್ಣು ಮಾತ್ರ ಬೊಗಸೆಯಷ್ಟು, ಅದೂ ಹುಳಿ. ನೀರು ಗೊಬ್ಬರಗಳು ಸಾಲದೆಂದು ಭಾವಿಸಿ ಯಜಮಾನರು ಇನ್ನಷ್ಟು ನೀರು ಹೊಯ್ಯಿಸುವರು. ಎಲೆಯು ಇನ್ನೂ ಹೆಚ್ಚುತ್ತದೆ. ನಿಜವಾದ ದೋಷಗಳು ಎರಡು: ಬಳ್ಳಿಗೆ ಕತ್ತರಿ ತಾಗಿಸದಿರುವುದು ಒಂದು, ಹಣ್ಣು ಕೀಳುವುದರಲ್ಲಿ ಆತುರ ಇನ್ನೊಂದು.

ರಸಕ್ಕಾಗಿ ಬೆಳೆಯುವವರಿಗೆ ಈ ಭಾಗದಲ್ಲಿ ಒಪ್ಪುವ ಜಾತಿಯು ಬೆಂಗಳೂರು ನೀಲಿ. ಇದು ಅಮೆರಿಕ ಮೂಲದ ಇಸಾಬೆಲ್ಲಾ ಜಾತಿಗೆ ಸೇರಿದುದು. ಸಿಪ್ಪೆ ದಪ್ಪ, ಬೀಜವುಂಟು, ಕಸ್ತೂರಿಯಂತಹ ಒಂದು ವಿಶೇಷ ವಾಸನೆಯುಂಟು. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ವಿಜಯಪುರದ ಒಣಹವೆಯಲ್ಲಿ ಒಣದ್ರಾಕ್ಷಿಗೆಂದು ಬೆಳೆಯುವ ಬೀಜವಿಲ್ಲದ ಥಾಮ್ಸನ್ ಜಾತಿಯನ್ನು ಕಂಡು ಮೋಹಗೊಂಡು ಇಲ್ಲಿನ ಹಿತ್ತಿಲಿಗೆ ತಂದವರು ಮಳೆಗಾಲದಲ್ಲಿ ಕಷ್ಟಪಡಬೇಕಾಗುತ್ತದೆ.

ಸೀಸದ ಕಡ್ಡಿಯ ಗಾತ್ರದ, ಚೆನ್ನಾಗಿ ಬಲಿತ, ನಾಲ್ಕು ಕಣ್ಣುಗಳುಳ್ಳ ತುಂಡನ್ನು ನೆಟ್ಟು ಬೇರು ಬರಿಸಿ, ನೀರು ನಿಲ್ಲದ ಬಿಸಿಲು ಸ್ಥಳದಲ್ಲಿ ಗುಂಡಿಗಿಳಿಸಿ, ಒಂದೇ ಕಾಂಡವನ್ನು ಆಳೆತ್ತರದ ಚಪ್ಪರಕ್ಕೆ ಹತ್ತಿಸಬೇಕು. ಇಷ್ಟು ಎಲ್ಲರಿಗೂ ತಿಳಿದಿದೆ. ತಿಳಿಯಬೇಕಾದುದು ಸವರುವ ಕ್ರಮ. ಶೀತದೇಶಗಳಲ್ಲಿ ಚಳಿಗಾಲವು ಎಲೆಯನ್ನುದುರಿಸಿ ಬಳ್ಳಿಯನ್ನು ನಿದ್ರೆಗೆ ಕಳುಹಿಸುತ್ತದೆ. ನಮ್ಮಲ್ಲಿ ಅಂತಹ ಚಳಿಯಿಲ್ಲ. ಬಳ್ಳಿಯು ವರ್ಷವಿಡೀ ಹಸುರಾಗಿಯೇ ಇರುತ್ತದೆ. ಆದುದರಿಂದ ಅಲ್ಲಿ ಹಿಮವು ಮಾಡುವ ಕೆಲಸವನ್ನು ಇಲ್ಲಿ ಕತ್ತರಿಯು ಮಾಡತಕ್ಕದ್ದು. ದ್ರಾಕ್ಷಿಯ ಗೊಂಚಲು ಹಳೆಯ ಮರದಲ್ಲಿ ಬಿಡುವುದಿಲ್ಲ. ಹಿಂದಿನ ಬೆಳವಣಿಗೆಯ ಬಲಿತ ಕಡ್ಡಿಯಿಂದ ಹೊಸದಾಗಿ ಹೊರಡುವ ಚಿಗುರಿನಲ್ಲಿ ಬಿಡುತ್ತದೆ. ಬೆಂಗಳೂರು ನೀಲಿಯ ಕಡ್ಡಿಗಳಲ್ಲಿ ಬುಡದ ಮೂರು ನಾಲ್ಕು ಕಣ್ಣುಗಳನ್ನುಳಿಸಿ ಮಿಕ್ಕುದನ್ನು ನಿರ್ದಯವಾಗಿ ಕತ್ತರಿಸಬೇಕು. ವರ್ಷಕ್ಕೆರಡು ಬಾರಿ ಹೀಗೆ ಮಾಡಿದಲ್ಲಿ ಎರಡು ಬೆಳೆ ಬರುತ್ತವೆ. ಮನೆಯ ಹಿರಿಯರಿಗೆ ಇದು ಬಳ್ಳಿಯನ್ನು ಕೊಂದಂತೆ ಕಾಣುವುದು ಸಹಜ.

ಮಳೆಗಾಲದ ಬೂಜು ರೋಗಕ್ಕೆ ಬೋರ್ಡೋ ದ್ರಾವಣವು ಪರಿಚಿತ ಔಷಧ. ಫ್ರಾನ್ಸಿನ ಮೆಡಾಕ್ ಪ್ರಾಂತದಲ್ಲಿ ದಾರಿಹೋಕರು ಹಣ್ಣು ಕದಿಯದಂತೆ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದಿದ್ದುದನ್ನು ಮಿಲಾರ್ಡೆ ಎಂಬ ವಿದ್ವಾಂಸರು ಗಮನಿಸಿ 1885ರಲ್ಲಿ ಪ್ರಕಟಿಸಿದರು. ಕಳ್ಳರಿಂದಾದ ಉಪಕಾರವೆನ್ನಬಹುದು! ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರು ಇದೇ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿದುದು ಮಲೆನಾಡಿನವರಿಗೆ ತಿಳಿದ ವಿಷಯ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು. ಲೋಹದ ಪಾತ್ರೆ ಕೂಡದು. ಮಾಡಿದ ದಿನವೇ ಬಳಸಬೇಕು. ಕೊಯ್ಲು ಸಮೀಪಿಸಿದಾಗ ಸಿಂಪಡಿಸಬಾರದು, ಏಕೆಂದರೆ ತಾಮ್ರವು ರಸವನ್ನು ಸೇರಿ ಕೆಡಿಸುತ್ತದೆ.

ಇನ್ನು ಕೊಯ್ಲು. ಮಾವು ಬಾಳೆಗಳಂತೆ ದ್ರಾಕ್ಷಿಯು ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಕಿತ್ತಾಗ ಎಷ್ಟು ಸಿಹಿಯೋ ಅಷ್ಟೇ. ಬಣ್ಣವು ಸಿಹಿಗಿಂತ ಮುಂಚೆ ಬರುವುದರಿಂದ ಅನೇಕರು ಮೋಸಹೋಗುತ್ತಾರೆ. ಹಕ್ಕಿಗಳ ಭಯ, ಮಳೆಯ ಭಯ, ವ್ಯಾಪಾರಿಯ ಅವಸರ ಇವೆಲ್ಲ ಸೇರಿ ನೀಲಿಯಾದೊಡನೆ ಗೊಂಚಲನ್ನು ಇಳಿಸಿಬಿಡುವರು. ಗೊಂಚಲಿನ ತುದಿಯ ಕಾಯಿಯನ್ನು ತಿಂದು ನೋಡಬೇಕು. ಬೀಜವು ಕಂದುಬಣ್ಣಕ್ಕೆ ತಿರುಗಿರಬೇಕು. ವೈನಿನ ವಿಷಯದಲ್ಲಿ ಈ ಸಿಹಿಯೇ ಲೆಕ್ಕ. ಲೀಟರಿಗೆ ಸುಮಾರು 17 ಗ್ರಾಮು ಸಕ್ಕರೆಯು ಹುದುಗಿ ನೂರಕ್ಕೆ 1ರಷ್ಟು ಮದ್ಯಾಂಶವಾಗುತ್ತದೆ. 170 ಗ್ರಾಮು ಸಕ್ಕರೆಯುಳ್ಳ ರಸದಿಂದ ನೂರಕ್ಕೆ 10ರಷ್ಟು ಬಂದು ವೈನು ಬಾಳುತ್ತದೆ. 120 ಗ್ರಾಮಿನ ಹುಳಿರಸವು 7ರಲ್ಲಿಯೇ ನಿಂತು, ಗಾಳಿ ತಗಲಿದರೆ ಬೇಗನೆ ವಿನಿಗರ್ ಆಗುತ್ತದೆ.

ಇಲ್ಲಿ ಗ್ರಾಮ ಮುಖಂಡರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. 1965ರ ಕರ್ನಾಟಕ ಅಬಕಾರಿ ಅಧಿನಿಯಮದಂತೆ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದು ಅಪರಾಧ; ಸ್ವಂತ ಹಿತ್ತಿಲ ಹಣ್ಣೆಂಬ ವಾದವು ನಿಲ್ಲುವುದಿಲ್ಲ. 2007ರಲ್ಲಿ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿ ಪ್ರೋತ್ಸಾಹಿಸಿದುದು ಪರವಾನಗಿಯುಳ್ಳ ವೈನರಿಗಳನ್ನು. ಹೆಚ್ಚು ಬಳ್ಳಿಯುಳ್ಳವರು ನಾಟಿಗೆ ಮುಂಚೆಯೇ ಅಂತಹವರೊಡನೆ ಮಾತನಾಡಿ, ಬಣ್ಣಕ್ಕಲ್ಲದೆ ಸಿಹಿಗೆ ಬೆಲೆ ಕಟ್ಟುವಂತೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳುವುದು ಮೇಲು.

ಮನೆಯ ಮಟ್ಟಿಗೆ ಹುದುಗಿಸದ ರಸವೇ ಸಾಕು. ಹಣ್ಣನ್ನು ಬಿಡಿಸಿ ತೊಳೆದು, ಬೀಜ ಒಡೆಯದಂತೆ ಹಿಚುಕಿ, ಸ್ಟೀಲಿನ ಪಾತ್ರೆಯಲ್ಲಿ ಮೆಲ್ಲನೆ ಬಿಸಿಮಾಡಿದರೆ ಸಿಪ್ಪೆಯ ಬಣ್ಣವು ಇಳಿಯುತ್ತದೆ. ಸೋಸಿ ಒಂದು ರಾತ್ರಿ ತಣ್ಣಗಿರಿಸಬೇಕು. ತಳದಲ್ಲಿ ಕೂಡುವ ಹರಳು ಕಲ್ಮಷವಲ್ಲ, ದ್ರಾಕ್ಷಿಯ ಆಮ್ಲದ ಲವಣವೇ ಆಗಿದೆ. ಮೇಲಿನ ತಿಳಿಯನ್ನು ಬಸಿದು ಸುಮಾರು 85 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಕುದಿನೀರಿನಲ್ಲಿ ಶುದ್ಧಿಮಾಡಿದ ಸೀಸೆಗಳಿಗೆ ಬಿಸಿಯಿರುವಾಗಲೇ ತುಂಬಿ ಮುಚ್ಚತಕ್ಕದ್ದು.