ಗಾಬರಿಯೂ ಉಸಿರೂ



ಕಳೆದ ಅಮಾವಾಸ್ಯೆಯಂದು ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಮನೆಯವರು ಶ್ರೀಮಠಕ್ಕೆ ಕರೆತಂದಿದ್ದರು. ಮಡದಿ ಲಿಂಗೈಕ್ಯರಾದಾಗಿನಿಂದ ಅವರಿಗೆ ರಾತ್ರಿಯ ನಿದ್ದೆಯಿಲ್ಲ. ‘ಅಪ್ಪಾರ, ಎದಿ ಡವಡವ ಬಡೀತೈತ್ರಿ, ಉಸಿರು ಸಿಗವಲ್ದು, ಈಗ ಸತ್ತೆ ಅನಸ್ತೈತ್ರಿ’ ಎಂದು ಕಣ್ಣೀರು ತಂದರು. ಹೃದಯ ಪರೀಕ್ಷಿಸಿದ ವೈದ್ಯರು ದೋಷವೇನೂ ಇಲ್ಲ, ಇದು ಗಾಬರಿಯ ಬೇನೆ ಎಂದಿದ್ದರು. ಮನೆಯವರು ಮಾತ್ರ ಗಾಳಿ ಸೋಕಿದೆಯೆಂದು ತಾಯಿತ ಕೇಳಲು ಬಂದಿದ್ದರು.

ಮಾತಿನ ನಡುವೆಯೇ ಅವರಿಗೆ ಗಾಬರಿ ಏರಿತು. ಬಾಲ್ಯದಿಂದ ಪ್ರಾಣಾಯಾಮ ರೂಢಿಸಿಕೊಂಡ ನಾವು ಅಭ್ಯಾಸಬಲದಿಂದ ‘ಉಸಿರು ಜೋರಾಗಿ ಎಳೆದು ಹಿಡಿಯಿರಿ’ ಎಂದುಬಿಟ್ಟೆವು. ಅವರಿಗೆ ತಲೆ ಸುತ್ತಿತು, ಬೆರಳು ಜುಮ್ಮೆಂದವು. ತಪ್ಪು ನಮ್ಮದೇ. ಗಾಬರಿಗೊಂಡವರು ಮೊದಲೇ ಬೇಕಾದುದಕ್ಕಿಂತ ಹೆಚ್ಚು ಗಾಳಿ ಎಳೆಯುತ್ತಿರುತ್ತಾರೆ. ಅದರಿಂದ ರಕ್ತದಲ್ಲಿ ಇರಬೇಕಾದ ಇಂಗಾಲದ ಡೈಆಕ್ಸೈಡ್ ಇಳಿದು ತಲೆಸುತ್ತು, ಜುಮ್ಮು ಬರುತ್ತವೆ. ಅದನ್ನು ಕಂಡು ಭಯ ಇಮ್ಮಡಿಯಾಗುತ್ತದೆ. ಅಂಥವರಿಗೆ ಇನ್ನಷ್ಟು ಎಳೆಯಿರೆನ್ನುವುದು ಉರಿಯುವ ಬಣವೆಗೆ ಗಾಳಿ ಬೀಸಿದಂತೆ. ಕುಂಭಕವನ್ನು ಗುರುಮುಖದಿಂದ, ನೆಮ್ಮದಿಯ ವೇಳೆಯಲ್ಲಿ ಕಲಿಯತಕ್ಕದ್ದು.

ಆ ಹೊತ್ತಿಗೆ ಬೇಕಾದದ್ದು ರೇಚಕ. ಬೆನ್ನಿಗೆ ಆಸರೆ ಕೊಟ್ಟು ಕುಳಿತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳಿರಿ. ಮೂಗಿನಿಂದ 4 ಎಣಿಸುವಷ್ಟು ಮೆಲ್ಲಗೆ ಒಳಗೆ, 6 ಎಣಿಸುವಷ್ಟು ಹೊರಗೆ, ಹಿಡಿಯುವುದು ಬೇಡ. ಉಸಿರು ಹೊರಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದು ದೇಹದ ಸಹಜ ಧರ್ಮ. ನಿಮಿಷಕ್ಕೆ 12ರಿಂದ 20 ಸಲ ಆಡುವ ಉಸಿರು ಹೀಗೆ ಆರರ ಸಮೀಪಕ್ಕೆ ಬರುತ್ತದೆ. ಐದು ನಿಮಿಷ ಸಾಕು. ತಲೆ ತಿರುಗಿದರೆ ಎಣಿಕೆ ಬಿಟ್ಟು ಸಹಜ ಉಸಿರಿಗೆ ಮರಳಬೇಕು.

ಎಣಿಕೆ ಬೇಸರವಾದವರು ಜಪ ಮಾಡಲಿ. 2001ರಲ್ಲಿ ಇಟಲಿಯ ಪಾವಿಯಾ ನಗರದ ಬರ್ನಾರ್ಡಿ ಎಂಬ ವೈದ್ಯರೂ ಸಂಗಡಿಗರೂ 23 ಜನರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಮಂತ್ರವನ್ನೂ ಹೇಳಿಸಿ ಅಳೆದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು! ನಮ್ಮ ಹಿರಿಯರು ಷಡಕ್ಷರಿಯನ್ನು ಅವಸರವಿಲ್ಲದೆ ಜಪಿಸುತ್ತಿದ್ದರು. ಈಗಿನವರು ಬಸ್ಸು ತಪ್ಪೀತೆಂಬಂತೆ ಮುಗಿಸುತ್ತಾರೆ.

ಆದರೆ ಎದೆ ಹಿಂಡಿದಂತಾಗಿ, ನೋವು ತೋಳಿಗೋ ದವಡೆಗೋ ಹರಡಿ, ತಣ್ಣನೆ ಬೆವರು ಬಂದರೆ ಉಸಿರೆಣಿಸುತ್ತ ಕೂಡಬೇಡಿರಿ; 108ಕ್ಕೆ ಕರೆಮಾಡಿರಿ. ಇಂಥ ಗಾಬರಿ ಮೊದಲ ಸಲ ಬಂದವರೂ ವೈದ್ಯರಿಗೆ ತೋರಿಸಲೇಬೇಕು. ದಮ್ಮು, ಹೃದಯದ ಬೇನೆ ಇರುವವರು ಅವರನ್ನು ಕೇಳಿಯೇ ಅಭ್ಯಾಸ ಮಾಡಲಿ. ಗುಳಿಗೆ ನಿಲ್ಲಿಸುವುದು ಸಲ್ಲದು. ಮನಸ್ಸಿನ ತೊಂದರೆಗೆ 14416 ಎಂಬ ಸರ್ಕಾರದ ಉಚಿತ ದೂರವಾಣಿಯೂ 2022ರಿಂದ ಇದೆ.

ಆ ಹಿರಿಯರಿಗೆ ವಿಭೂತಿ ಕೊಟ್ಟೆವು, ತಾಯಿತ ಕೊಡಲಿಲ್ಲ. ಮೊನ್ನೆ ಮತ್ತೆ ಬಂದಿದ್ದರು. ಗಾಬರಿ ಪೂರ್ತಿ ಹೋಗಿಲ್ಲ. ಆದರೆ ನಡುರಾತ್ರಿ ಮಗನನ್ನು ಎಬ್ಬಿಸುವುದು ಕಡಿಮೆಯಾಗಿದೆಯಂತೆ.