ಪ್ರಯಾಣ ಮಾಡಿ ಬಂದ ಮೊಟ್ಟೆ



ಬೇಯಿಸಿದ ಕೋಳಿಮೊಟ್ಟೆಯ ಸಿಪ್ಪೆ ಸುಲಿಯುವಾಗ ಅದರ ದಪ್ಪ ತುದಿಯಲ್ಲಿ ಒಂದು ಸಣ್ಣ ತಗ್ಗು ಇರುವುದನ್ನು ನೀವು ನೋಡಿರಬಹುದು. ಮೊಟ್ಟೆ ಅಲ್ಲೇಕೆ ಪೂರ್ತಿ ತುಂಬಿಲ್ಲ ಎಂದು ಎಂದಾದರೂ ಯೋಚಿಸಿದ್ದೀರಾ? ಆ ಜಾಗದಲ್ಲಿ ಗಾಳಿ ಇರುತ್ತದೆ. ಅದಕ್ಕೆ ವಾಯುಕೋಶ ಎಂದು ಹೆಸರು. ತಿನ್ನುವ ನಮಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೊಟ್ಟೆಯೊಳಗೆ ಬೆಳೆಯುವ ಮರಿಗಾದರೋ ಮೊದಲ ಉಸಿರು ಸಿಗುವುದು ಅಲ್ಲಿಯೇ.

ಈ ಕೋಶ ಹೇಗೆ ಉಂಟಾಗುತ್ತದೆ? ಕೋಳಿ ಮೊಟ್ಟೆ ಇಡುವ ಗಳಿಗೆಯಲ್ಲಿ ಅದರ ಉಷ್ಣತೆ ಕೋಳಿಯ ಮೈಶಾಖದಷ್ಟೇ, ಅಂದರೆ ಸುಮಾರು 41 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹೊರಗೆ ಬಂದ ಮೇಲೆ ಮೊಟ್ಟೆ ತಣ್ಣಗಾಗಿ ಒಳಗಿನ ದ್ರವ ಕುಗ್ಗುತ್ತದೆ. ಗಟ್ಟಿ ಚಿಪ್ಪು ಕುಗ್ಗಲಾರದು. ಆಗ ಚಿಪ್ಪಿನಲ್ಲಿರುವ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಹೊರಗಿನ ಗಾಳಿ ಒಳಸೇರುತ್ತದೆ. ಇಂಥ ರಂಧ್ರಗಳು ದಪ್ಪ ತುದಿಯಲ್ಲಿ ಹೆಚ್ಚು. ಚಿಪ್ಪಿನ ಒಳಮೈಗೆ ಅಂಟಿಕೊಂಡು ಎರಡು ತೆಳುವಾದ ಪೊರೆಗಳಿವೆ. ದಪ್ಪ ತುದಿಯಲ್ಲಿ ಈ ಪೊರೆಗಳು ಒಂದರಿಂದೊಂದು ಬಿಟ್ಟುಕೊಂಡು, ನಡುವೆ ಗಾಳಿ ನಿಲ್ಲುತ್ತದೆ.

ಈಗ ಪ್ರಯಾಣದ ಮಾತಿಗೆ ಬರೋಣ. ಮಧ್ಯಪ್ರದೇಶದ ಝಾಬುವಾ ಕಡೆಯ ಕಪ್ಪು ಕೋಳಿ ಕಡಕ್‌ನಾಥ್ ಅನ್ನೋ, ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜವನ್ನೋ ಸಾಕುವ ಆಸೆಯಿಂದ ನಿಮ್ಮ ಮನೆಯವರು ಒಂದು ಡಜನ್ ಮೊಟ್ಟೆ ತರಿಸಿದರು ಎನ್ನಿ. ಮೊಟ್ಟೆಯ ಡಬ್ಬಿ ಹಳ್ಳ ದಿಣ್ಣೆಗಳ ರಸ್ತೆಯಲ್ಲಿ ಕುಲುಕುತ್ತಾ ಬರುತ್ತದೆ. ಏರಿಸುವಾಗ, ಇಳಿಸುವಾಗ ಕುಕ್ಕಿಸಿಕೊಳ್ಳುತ್ತದೆ. ಬಿಚ್ಚಿ ನೋಡಿದರೆ ಒಂದು ಚಿಪ್ಪೂ ಬಿರಿದಿಲ್ಲ. ಎಲ್ಲವೂ ಕ್ಷೇಮ ಎಂದು ಕಾವಿಗೆ ಇಡುತ್ತೀರಿ. 21 ದಿನ ಕಳೆದರೂ ಮರಿಗಳು ಬರುವುದಿಲ್ಲ. ಏನಾಯಿತು?

ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚು ಹಿಡಿದಿದ್ದರೆ ಕಾರಣ ಮೊದಲೇ ತಿಳಿಯುತ್ತಿತ್ತು. ಒಳ್ಳೆಯ ಮೊಟ್ಟೆಯಲ್ಲಿ ವಾಯುಕೋಶ ಒಂದು ಸಣ್ಣ ಬಿಲ್ಲೆಯಂತೆ ಕಾಣುತ್ತದೆ. ಮೊಟ್ಟೆ ಓರೆ ಮಾಡಿದರೂ ಅದರ ಅಂಚು ಕದಲುವುದಿಲ್ಲ. ಪೆಟ್ಟು ತಿಂದ ಮೊಟ್ಟೆಯಲ್ಲಿ ಒಳಪೊರೆ ಇನ್ನಷ್ಟು ಕಿತ್ತುಬಂದು, ಕೋಶ ಒಂದು ಪಕ್ಕಕ್ಕೆ ಕುದುರೆಯ ಜೀನಿನಂತೆ ಜೋತುಬಿದ್ದಿರುತ್ತದೆ. ಪೆಟ್ಟು ಇನ್ನೂ ಜೋರಾಗಿದ್ದರೆ ಪೊರೆ ಹರಿದು, ಗಾಳಿಗುಳ್ಳೆ ಮೊಟ್ಟೆಯೊಳಗೆ ಎಲ್ಲೆಂದರಲ್ಲಿ ಓಡಾಡುತ್ತದೆ. ಗಾರೆ ಕೆಲಸದವರ ರಸಮಟ್ಟದಲ್ಲಿ ಗುಳ್ಳೆ ಜಾರುವುದನ್ನು ನೆನಪಿಸಿಕೊಳ್ಳಿ. ಹಳದಿಯೇ ಒಡೆದು ಬಿಳಿಯಲ್ಲಿ ಕಲಸಿಹೋಗಿದ್ದರೆ ಅಂಥ ಮೊಟ್ಟೆಯ ಆಸೆ ಬಿಡಬೇಕು. ಉಳಿದವನ್ನು ಎಸೆಯುವ ಅವಸರ ಬೇಡ. ಅವುಗಳಲ್ಲಿ ಕೆಲವಾದರೂ ಮರಿಯಾಗಬಲ್ಲವು.

ಮೊದಲನೆಯ ಮದ್ದು ವಿಶ್ರಾಂತಿ. ಮೊಟ್ಟೆಗಳನ್ನು ದಪ್ಪ ತುದಿ ಮೇಲಾಗಿ ಟ್ರೇಯಲ್ಲಿ ನಿಲ್ಲಿಸಿ, ಕೋಣೆಯ ಉಷ್ಣತೆಯಲ್ಲಿ 12ರಿಂದ 24 ಗಂಟೆ ಬಿಡಬೇಕು. ತೊಳೆಯಬಾರದು. ಗಾಳಿ ಹಗುರ, ಅದು ಮೇಲಕ್ಕೇರುತ್ತದೆ. ಆದ್ದರಿಂದ ಅಲೆಯುತ್ತಿದ್ದ ಗುಳ್ಳೆ ನಿಧಾನವಾಗಿ ದಪ್ಪ ತುದಿಗೆ ಬಂದು ನಿಲ್ಲುತ್ತದೆ. ಹರಿದ ಪೊರೆ ಹೊಲಿದ ಬಟ್ಟೆಯಂತೆ ಮತ್ತೆ ಕೂಡಿಕೊಳ್ಳುತ್ತದೆಂದು ನಂಬಬೇಡಿ. ಗುಳ್ಳೆ ತನ್ನ ಜಾಗದಲ್ಲಿ ನಿಂತರೆ ನಮಗೆ ಅಷ್ಟೇ ಸಾಕು.

ಎರಡನೆಯದು, ಕಾವು ಕೊಡುವಾಗಲೂ ಮೊಟ್ಟೆಗಳನ್ನು ನಿಲ್ಲಿಸಿಯೇ ಇಡುವುದು. ಫ್ಯಾನ್ ಇರುವ ಕಾವುಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಶಾಖವೂ, ಗಾಳಿಯಲ್ಲಿ ಶೇಕಡಾ 50ರಿಂದ 55ರಷ್ಟು ತೇವವೂ ಇರಬೇಕು. ಸಾಮಾನ್ಯವಾಗಿ ಮೊದಲ ದಿನದಿಂದಲೇ ಮೊಟ್ಟೆಗಳನ್ನು ತಿರುಗಿಸುತ್ತಾರೆ. ಪೆಟ್ಟು ತಿಂದ ಮೊಟ್ಟೆಗಳನ್ನು ಮಾತ್ರ ಮೊದಲ ಎರಡು ಮೂರು ದಿನ ಮುಟ್ಟದಿರುವುದು ಲೇಸು. ಕಾವಿಗೆ ಕೂತ ನಾಟಿಕೋಳಿ ಮೊದಲ ದಿನದಿಂದಲೇ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತದೆ. ಆದ್ದರಿಂದ ಇಂಥ ಮೊಟ್ಟೆಗಳಿಗೆ ಪೆಟ್ಟಿಗೆಯೇ ಅನುಕೂಲ.

ಹಾಗಾದರೆ ಕೊನೆಯವರೆಗೂ ತಿರುಗಿಸದೆ ಬಿಡಬಹುದೇ? ಬಿಡಬಾರದು. ಒಂದೇ ಭಂಗಿಯಲ್ಲಿ ಬಹುಕಾಲ ಬಿಟ್ಟರೆ ಭ್ರೂಣ ಪೊರೆಗೆ ಅಂಟಿಕೊಂಡು ಸಾಯಬಹುದು. ಆದ್ದರಿಂದ ಮೂರನೆಯ ಅಥವಾ ನಾಲ್ಕನೆಯ ದಿನದಿಂದ ಟ್ರೇಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಸುಮಾರು 45 ಡಿಗ್ರಿ ಮೆಲ್ಲನೆ ಓರೆ ಮಾಡಬೇಕು. ಕೈಯಿಂದ ಮಾಡುವವರು ದಿನಕ್ಕೆ ಮೂರು ಅಥವಾ ಐದು ಸಲ ಮಾಡುತ್ತಾರೆ. ಬೆಸಸಂಖ್ಯೆ ಏಕೆ ಗೊತ್ತೇ? ದೀರ್ಘವಾದ ರಾತ್ರಿಯ ಹೊತ್ತು ಮೊಟ್ಟೆ ಒಂದು ದಿನ ಎಡಕ್ಕೆ ವಾಲಿದ್ದರೆ ಮರುದಿನ ಬಲಕ್ಕೆ ವಾಲಿರಲಿ ಎಂದು.

ಏಳನೆಯ ದಿನ ಮತ್ತೆ ದೀಪ ಹಿಡಿದು ನೋಡಿ. ಜೀವವಿರುವ ಮೊಟ್ಟೆಯಲ್ಲಿ ಜೇಡನ ಕಾಲುಗಳಂತೆ ಹರಡಿದ ಕೆಂಪು ರಕ್ತನಾಳಗಳು ಕಾಣುತ್ತವೆ. ದಿನ ಕಳೆದಂತೆ ರಂಧ್ರಗಳ ಮೂಲಕ ನೀರಿನ ಅಂಶ ಆವಿಯಾಗಿ ವಾಯುಕೋಶ ಹಿಗ್ಗುತ್ತದೆ. 60 ಗ್ರಾಂ ತೂಕದ ಮೊಟ್ಟೆ 18ನೆಯ ದಿನದ ಹೊತ್ತಿಗೆ ಸುಮಾರು 7 ಗ್ರಾಂ ಕಳೆದುಕೊಂಡಿರಬೇಕು. ಅಷ್ಟು ಇಳಿಯದಿದ್ದರೆ ಪೆಟ್ಟಿಗೆಯಲ್ಲಿ ತೇವ ಹೆಚ್ಚಾಗಿದೆ ಎಂದರ್ಥ. ಗಾಳಿಯ ಜಾಗ ಕಿರಿದಾಗಿ ಮರಿಗೆ ಆಪತ್ತು.

ಆ ಆಪತ್ತು ಯಾವುದೆಂದು ನೋಡಿ. ಅಲ್ಲಿಯವರೆಗೆ ಮರಿ ಪುಪ್ಪುಸದಿಂದ ಉಸಿರಾಡಿರುವುದಿಲ್ಲ. ಚಿಪ್ಪಿನ ಒಳಗೆ ಹರಡಿದ ರಕ್ತನಾಳಗಳೇ ರಂಧ್ರಗಳಿಂದ ಬರುವ ಆಮ್ಲಜನಕವನ್ನು ಹೀರುತ್ತಿರುತ್ತವೆ. 19 ಅಥವಾ 20ನೆಯ ದಿನ ಅದು ಸಾಲದಾಗುತ್ತದೆ. ಆಗ ಮರಿ ಕೊಕ್ಕಿನಿಂದ ಒಳಪೊರೆಯನ್ನು ಚುಚ್ಚಿ, ವಾಯುಕೋಶದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿಯ ಬಲದಿಂದಲೇ ಅದು ಮುಂದೆ ಚಿಪ್ಪನ್ನು ಒಡೆಯಬೇಕು. ಕೊಕ್ಕು ಚುಚ್ಚಿದ ಕಡೆ ಗಾಳಿಯ ಬದಲು ದ್ರವ ಸಿಕ್ಕಿದರೆ ಪೂರ್ತಿ ಬೆಳೆದ ಮರಿ ಹೊಸ್ತಿಲಲ್ಲೇ ಉಸಿರುಕಟ್ಟಿ ಸಾಯುತ್ತದೆ. ಅದಕ್ಕಾಗಿಯೇ 18ನೆಯ ದಿನ ತಿರುಗಿಸುವುದನ್ನು ನಿಲ್ಲಿಸಿದ ಮೇಲೂ ಈ ಮೊಟ್ಟೆಗಳನ್ನು ಮಲಗಿಸದೆ, ದಪ್ಪ ತುದಿ ಮೇಲಾಗಿಯೇ ಇಡಬೇಕು. ತೇವವನ್ನು ಆಗ ಶೇಕಡಾ 65ರಿಂದ 70ಕ್ಕೆ ಏರಿಸಬೇಕು.

ಚಿಪ್ಪಿನಲ್ಲಿ ಮೊದಲ ಬಿರುಕು ಕಂಡಾಗ ಕೈ ತುರಿಸುತ್ತದೆ, ಸಿಪ್ಪೆ ಬಿಡಿಸಿ ನೆರವಾಗೋಣ ಎನಿಸುತ್ತದೆ. ತಾಳಿ. ಒಳಗಿನ ನಾಳಗಳಲ್ಲಿ ಇನ್ನೂ ರಕ್ತ ಹರಿಯುತ್ತಿರಬಹುದು, ಉಳಿದ ಹಳದಿ ಇನ್ನೂ ಹೊಟ್ಟೆಯೊಳಗೆ ಸೇರುತ್ತಿರಬಹುದು. ಬಿರುಕಿನಿಂದ ಬಿಡುಗಡೆಗೆ ಒಂದು ದಿನ ಹಿಡಿದರೂ ಆಶ್ಚರ್ಯವಿಲ್ಲ.

ಹೀಗೆಲ್ಲ ಮಾಡಿದರೂ ದೂರದಿಂದ ಬಂದ ಮೊಟ್ಟೆಗಳಲ್ಲಿ ಮನೆಯ ಮೊಟ್ಟೆಗಳಷ್ಟು ಮರಿಗಳು ಬರುವುದಿಲ್ಲ. ಹನ್ನೆರಡರಲ್ಲಿ ನಾಲ್ಕೈದು ಬಂದರೂ ನಿಮ್ಮ ಶ್ರಮ ಹುಸಿಯಾಗಲಿಲ್ಲ ಎಂದು ತಿಳಿಯಿರಿ. ಒಂದು ಸ್ವಾರಸ್ಯವನ್ನೂ ಗಮನಿಸಿ. ಹೊಟ್ಟೆ ಸೇರಿದ ಆ ಹಳದಿಯ ಬುತ್ತಿಯಿಂದ ಆಗತಾನೆ ಹುಟ್ಟಿದ ಮರಿ ಎರಡು ದಿನ ಕಾಳು ನೀರಿಲ್ಲದೆ ತಡೆಯಬಲ್ಲದು. ಆದುದರಿಂದಲೇ ಒಂದು ದಿನದ ಮರಿಗಳನ್ನು ಊರಿಂದೂರಿಗೆ ಕಳುಹಿಸುವುದು ಸಾಧ್ಯವಾಗಿದೆ. ಕುಲುಕಾಟದ ದಾರಿಯಲ್ಲಿ ಮೊಟ್ಟೆಗಿಂತ ಮರಿಯೇ ಗಟ್ಟಿ ಪ್ರಯಾಣಿಕ!

ಇಂದು ಸಂಜೆ ಅಡುಗೆಮನೆಯ ಒಂದು ಮೊಟ್ಟೆಗೆ ಟಾರ್ಚು ಹಿಡಿದು ನೋಡುವಿರಲ್ಲವೇ?