ಠುಸ್ ಎಂದ ಗುಂಡೇ ಯಮ!

ಬೆಂಗಳೂರಿನ ಪಟ್ಟಂದೂರು ಅಗ್ರಹಾರದಲ್ಲಿ ನೇರಳೆ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಕೆ.ಆರ್. ಮಾರುಕಟ್ಟೆಯಲ್ಲಿ ಇಳಿಯಿರಿ. ಐಟಿಪಿಎಲ್‌ನ ಗಾಜಿನ ಗೋಪುರಗಳಿಂದ ಹೊರಟವರು ತಾರಾಮಂಡಲಪೇಟೆಯ ಬಾಗಿಲಿಗೆ ಬಂದಿರುತ್ತೀರಿ. ಟಿಪ್ಪುವಿನ ಕಾಲದಲ್ಲಿ ರಾಕೆಟ್ ತಯಾರಾಗುತ್ತಿದ್ದ ಪೇಟೆ ಎಂದು ಊರೇ ಹೇಳುವ ಜಾಗ ಅದು. ಯುರೋಪಿನವರು ಮದ್ದನ್ನು ಕಾಗದದ ಕೊಳವೆಗೆ ತುಂಬುತ್ತಿದ್ದಾಗ ಮೈಸೂರಿನವರು ಕಬ್ಬಿಣದ ಕೊಳವೆಗೆ ತುಂಬಿದರು. ಕಬ್ಬಿಣ ಹೆಚ್ಚು ಒತ್ತಡ ತಾಳಿತು, ರಾಕೆಟ್ ದೂರ ಹಾರಿತು. 1780ರ ಪೊಳ್ಳಿಲೂರು ಕಾಳಗದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಅದರ ರುಚಿ ನೋಡಿತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಪಾಳುಬಾವಿಯೊಂದರಿಂದ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಮೇಲೆದ್ದು ಬಂದವು!

ಅವುಗಳೊಳಗಿನ ಸೂತ್ರ ಒಂದೇ: ಉರಿದ ಅನಿಲಕ್ಕೆ ಹೊರದಾರಿ ಬೇಕು. ದಾರಿ ಮುಚ್ಚಿದರೆ ಗೋಡೆ ಒಡೆಯುತ್ತದೆ. ಅಂಗೈಯಲ್ಲಿ ಹಿಡಿಸುವ ರಿವಾಲ್ವರ್ ಬಿಚ್ಚಿ ನೋಡಿದರೂ ಅಲ್ಲಿ ಕೂತಿರುವುದು ಇದೇ ಸೂತ್ರ!

.38 ಸ್ಪೆಷಲ್ ಎಂಬ ತೋಟಾ ಎಷ್ಟು ಸಣ್ಣದು! ಅದರೊಳಗೆ ಏಳಬಹುದಾದ ಒತ್ತಡ ಚದರ ಇಂಚಿಗೆ 17,000 ಪೌಂಡ್‌ವರೆಗೆ. ನಿಮ್ಮ ಕಾರಿನ ಟೈರಿನಲ್ಲಿರುವುದು ಮೂವತ್ತು ಚಿಲ್ಲರೆ. ಅಂದರೆ ಐನೂರು ಪಟ್ಟು! ಅದೂ ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಎದ್ದು ಇಳಿದಿರುತ್ತದೆ. .357 ಮ್ಯಾಗ್ನಂ ಎಂಬ ಇನ್ನೊಂದು ತೋಟಾದಲ್ಲಿ ಈ ಮಿತಿ 35,000.

ಹಾಗಾದರೆ ರಿವಾಲ್ವರ್ ಸಿಡಿಯುವುದು ಮದ್ದು ಹೆಚ್ಚಾದಾಗ ಮಾತ್ರವೇ? ಅಲ್ಲ! ಮದ್ದೇ ಇಲ್ಲದ ತೋಟಾವೂ ಸಿಡಿಸಬಲ್ಲದು. ಟ್ರಿಗರ್ ಎಳೆದಿರಿ, ‘ಢಂ’ ಬದಲು ‘ಠುಸ್’ ಎಂದಿತು. ತೋಟಾದ ಬುಡದಲ್ಲಿರುವ ಪ್ರೈಮರ್ ಒಂದೇ ಉರಿದು ಗುಂಡನ್ನು ನಳಿಕೆಗೆ ತಳ್ಳಿ, ಅಲ್ಲೇ ಸಿಕ್ಕಿಸಿ ಬಿಟ್ಟಿದೆ. ಗೊತ್ತಿಲ್ಲದೆ ಇನ್ನೊಮ್ಮೆ ಎಳೆದರೆ ಹಿಂದಿನಿಂದ ಬಂದ ಗುಂಡು ಸಿಕ್ಕಿಕೊಂಡ ಗುಂಡಿಗೆ ಗುದ್ದುತ್ತದೆ. ಉಕ್ಕಿನ ನಳಿಕೆ ಅಲ್ಲಿ ಬಳೆಯಂತೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಗುರಿ ಅಭ್ಯಾಸದ ಮೈದಾನದಲ್ಲಿ ಬಲ್ಲವರು ಜೋರು ಸದ್ದಿಗಿಂತ ಈ ‘ಠುಸ್’ಗೇ ಹೆದರುವುದು ಅದಕ್ಕೆ!

ಮದ್ದು ಹೆಚ್ಚಾದಾಗಿನ ಕಥೆ ಇನ್ನೂ ಸ್ವಾರಸ್ಯ. .38 ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ, ಜಾಗ ಬೇಡುವ ಕರಿಮದ್ದಿನ ಕಾಲದಲ್ಲಿ. ಈಗಿನ ಹೊಗೆರಹಿತ ಮದ್ದು ಗುರಿ ಅಭ್ಯಾಸಕ್ಕೆ ಕಾಲು ಗ್ರಾಂ ಕೂಡ ಬೇಡ. ತೋಟಾದ ಒಳಗೆಲ್ಲ ಖಾಲಿ ಜಾಗ! ಕೈಯಲ್ಲಿ ತೋಟಾ ತುಂಬುವವನು ಮೈಮರೆತು ಎರಡು ಸಲ ಸುರಿದರೂ ಮದ್ದು ಉಕ್ಕಿ ಚೆಲ್ಲುವುದಿಲ್ಲ, ಮೇಲೆ ಗುಂಡು ಸಲೀಸಾಗಿ ಕೂರುತ್ತದೆ. ಹಾರಿಸಿದಾಗ ತೋಟಾಗಳನ್ನು ಹೊತ್ತು ತಿರುಗುವ ಸಿಲಿಂಡರಿನ ಮೇಲರ್ಧವೇ ಎದ್ದು ಹೋಗುತ್ತದೆ. ಅದರ ಮೇಲೆ ಹಾದ ಚೌಕಟ್ಟಿನ ಉಕ್ಕಿನ ಪಟ್ಟಿಯೂ ಬಾಗುತ್ತದೆ ಅಥವಾ ತುಂಡಾಗುತ್ತದೆ. ಒಡೆದ ರಿವಾಲ್ವರನ್ನು ಮೇಜಿನ ಮೇಲಿಟ್ಟರೆ ತಜ್ಞರಿಗೆ ಅರ್ಧ ಕಥೆ ತಿಳಿದಂತೆಯೇ. ನಳಿಕೆ ಉಬ್ಬಿದ್ದರೆ ದಾರಿ ಕಟ್ಟಿತ್ತು. ಸಿಲಿಂಡರ್ ಬಿರಿದಿದ್ದರೆ ಒತ್ತಡ ಮಿತಿಮೀರಿತ್ತು.

ಆ ಸಿಲಿಂಡರನ್ನೇ ಒಮ್ಮೆ ತಿರುಗಿಸಿ ನೋಡಿ! ಹೊರಮೈಯಲ್ಲಿ ಸಣ್ಣ ಸಣ್ಣ ಕಚ್ಚುಗಳು. ತೋಟಾ ಕೂರುವ ಪ್ರತಿ ಗೂಡೂ ನಳಿಕೆಯ ನೇರಕ್ಕೆ ಬಂದಾಗ ಸಿಲಿಂಡರನ್ನು ಹಿಡಿದು ನಿಲ್ಲಿಸುವ ಕಚ್ಚು ಅದು. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಸೇರಿದಂತೆ ಆರು ಗುಂಡಿನ ರಿವಾಲ್ವರುಗಳಲ್ಲಿ ಒಂದು ಗೂಡು ಮೇಲೆ ನಳಿಕೆಗೆ ಸೇರಿದಾಗ ಇನ್ನೊಂದು ಸರಿಯಾಗಿ ಕೆಳಗಿರುತ್ತದೆ. ಕಚ್ಚಿಗೆ ಸಿಕ್ಕಿ ಹಿಡಿಯುವ ಕೊಂಡಿಯೂ ಕೆಳಗೇ. ಹಾಗಾಗಿ ಕಚ್ಚು ಸಾಮಾನ್ಯವಾಗಿ ಬೀಳುವುದು ಗೂಡಿನ ಬೆನ್ನಿನ ಮೇಲೆ, ಗೋಡೆ ತೆಳುವಾಗುವುದು ಅಲ್ಲೇ! ಐದು ಗುಂಡಿನ ಪುಟ್ಟ ರಿವಾಲ್ವರಿನಲ್ಲಾದರೆ ಕಚ್ಚು ಎರಡು ಗೂಡುಗಳ ನಡುವಿನ ದಪ್ಪ ಉಕ್ಕಿಗೆ ಬೀಳುತ್ತದೆ. ಒಂದು ಗೂಡು ಕಡಿಮೆಯಾದದ್ದೇ ಬಲವಾಯಿತು!

ಈ ಕಚ್ಚು, ಕೊಂಡಿ ಸವೆದರೆ ಗೂಡು ನಳಿಕೆಯ ನೇರಕ್ಕೆ ನಿಲ್ಲುವುದಿಲ್ಲ. ಗುಂಡು ನಳಿಕೆಯ ಅಂಚಿಗೆ ಬಡಿದು, ಸೀಸದ ಚೂರು ಪಕ್ಕದವರ ಕೆನ್ನೆಗೆ ಸಿಡಿಯುತ್ತದೆ. 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಸ್ಯಾಮ್ಯುಯೆಲ್ ಕೋಲ್ಟ್‌ನ ಕಾಲದ ರಿವಾಲ್ವರುಗಳಿಗಂತೂ ಬೇರೆಯೇ ಪೀಡೆ. ಬಿಡಿ ಮದ್ದು ತುಂಬುವ ಆ ಗೂಡುಗಳಲ್ಲಿ ಒಂದರ ಕಿಡಿ ಪಕ್ಕದ್ದಕ್ಕೆ ಹಾರಿ, ನಳಿಕೆಯ ಎದುರಿಲ್ಲದ ಗುಂಡುಗಳೂ ಹೊಡೆಯುತ್ತಿದ್ದವು!

ಇಷ್ಟೆಲ್ಲ ಅಪಾಯಕ್ಕೆ ಹುಡುಕಿದ ಮದ್ದುಗಳಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಒಂದೇ. 1935ರಲ್ಲಿ .357 ಮ್ಯಾಗ್ನಂ ಬಂತು. ದಪ್ಪ .38ರಷ್ಟೇ, ಒತ್ತಡ ಎರಡು ಪಟ್ಟು. ಹಳೆಯ .38 ರಿವಾಲ್ವರಿಗೆ ಇದನ್ನು ಯಾರಾದರೂ ತುರುಕಿದರೆ? ತಯಾರಕರು ಹಿತ್ತಾಳೆಯ ಕೇಸನ್ನು ಸುಮಾರು 3.4 ಮಿಲಿಮೀಟರ್ ಹೆಚ್ಚು ಉದ್ದ ಮಾಡಿದರು. ಅಷ್ಟೇ! ಸರಿಯಾಗಿ ಕೊರೆದ .38ರ ಗೂಡಿನಲ್ಲಿ ಅದು ಪೂರ್ತಿ ಇಳಿಯುವುದಿಲ್ಲ, ಸಿಲಿಂಡರ್ ಮುಚ್ಚುವುದಿಲ್ಲ, ಗುಂಡು ಹಾರುವ ಪ್ರಶ್ನೆಯೇ ಇಲ್ಲ.